ದೊಡ್ಡ ಡಿಸ್ಕ್ ಎರಡು ಸಾಕೋ, ಚಿಕ್ಕವು ಹನ್ನೆರಡು ಬೇಕೋ?

ಮದುವೆ ಫೋಟೋ, ವಿಡಿಯೋ ಕೆಲಸ ಮಾಡುವವರ ಸಭೆಯೊಂದರಲ್ಲಿ ಹಾರ್ಡ್ ಡಿಸ್ಕ್ ಬಗ್ಗೆ ನಾನು ಆಡಿದ ಮಾತುಗಳಿವು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಬೋರ್ಡ್ ಮೇಲೆ ಗೀಚಿದ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಕೊನೆಯಲ್ಲಿ ಸಭೆಯವರು ಕೇಳಿದ ಕೆಲವು ಪ್ರಶ್ನೆಗಳಿವೆ.

ಮೊದಲು ಒಂದು ಲೆಕ್ಕ ಹಾಕೋಣ. ನಮ್ಮ ಕಡೆ ಮದುವೆ ಅಂದರೆ ಹಿಂದಿನ ಸಂಜೆ ರಿಸೆಪ್ಷನ್, ಮರುದಿನ ಧಾರೆ. ಎರಡು ಕ್ಯಾಮೆರಾ ಇಟ್ಟುಕೊಳ್ಳಿ. 4ಕೆ ವಿಡಿಯೋ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಓಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಎರಡೂ ಕ್ಯಾಮೆರಾ ಸೇರಿ ಎಂಟು ಗಂಟೆ ರೆಕಾರ್ಡಿಂಗ್ ಅಂದರೆ 360 ಜಿಬಿ. ಅದರ ಮೇಲೆ ಮೂರು ಸಾವಿರ ರಾ ಫೋಟೋ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೈಲ್), ಒಂದೊಂದೂ 30 ಎಂಬಿ. ಅದೇ 90 ಜಿಬಿ. ಒಟ್ಟು ಒಂದು ಮದುವೆಗೆ 450 ಜಿಬಿ. ವರ್ಷಕ್ಕೆ 40 ಮದುವೆ ಮಾಡುವ ಸ್ಟುಡಿಯೋ ಆದರೆ 18 ಟಿಬಿ. ಡ್ರೋನ್ ಲೆಕ್ಕ ಇನ್ನೂ ಹಿಡಿದಿಲ್ಲ.

ಈಗ ನಿಮ್ಮ ಸ್ಟುಡಿಯೋದ ಡ್ರಾಯರ್ ನೆನಪು ಮಾಡಿಕೊಳ್ಳಿ. ನಾನು ನೋಡಿದ ಡ್ರಾಯರ್‌ಗಳೆಲ್ಲ ಹೆಚ್ಚು ಕಡಿಮೆ ಒಂದೇ ಥರ. ಒಂದು ಟಿಬಿ, ಎರಡು ಟಿಬಿಯ ಪೋರ್ಟಬಲ್ ಡಿಸ್ಕ್‌ಗಳು ಸಾಲಾಗಿ ಕೂತಿರುತ್ತವೆ. ಮೇಲೆ ಬಿಳಿ ಟೇಪು, ಟೇಪಿನ ಮೇಲೆ ಮಾರ್ಕರ್ ಬರಹ: 'ರಾ 2019', 'ಫೈನಲ್', 'ಫೈನಲ್ 2', 'ಫಾರ್ಮ್ಯಾಟ್ ಮಾಡ್ಬೇಡಿ'. ಒಂದರ ಕೇಬಲ್ ಸಡಿಲ, ಸ್ವಲ್ಪ ಓರೆ ಮಾಡಿ ಹಿಡಿದರೆ ಮಾತ್ರ ಕಂಪ್ಯೂಟರ್‌ಗೆ ಕಾಣಿಸುತ್ತದೆ. ಇನ್ನೊಂದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಆದರೆ ಅಳಿಸೋಕೆ ಯಾರಿಗೂ ಧೈರ್ಯ ಇಲ್ಲ.

ಇದನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಸೀಸನ್ ನಡುವೆ ಜಾಗ ಸಾಲಲಿಲ್ಲ, ಹತ್ತಿರದ ಅಂಗಡಿಯಿಂದ ಒಂದು ತಂದೆವು. ಮುಂದಿನ ತಿಂಗಳು ಮತ್ತೊಂದು. ಹಾಗಿದ್ದರೂ ಅದೊಂದು ತೀರ್ಮಾನವೇ. ಕೇಳಿದರೆ ಕಾರಣವನ್ನೂ ಹೇಳುತ್ತೀರಿ: "ಎಲ್ಲವನ್ನೂ ಒಂದೇ ದೊಡ್ಡದರಲ್ಲಿ ಹಾಕಿ ಅದೇ ಹೋದರೆ ಏನ್ ಸಾರ್ ಮಾಡೋದು?" ಈ ಭಯ ಸುಳ್ಳಲ್ಲ. ಆದರೆ ಭಯಕ್ಕೆ ಮದ್ದು ಚಿಕ್ಕ ಡಿಸ್ಕ್ ಹೌದಾ ಅನ್ನೋದನ್ನು ಲೆಕ್ಕ ಹಾಕಿಯೇ ನೋಡಬೇಕು.

ಇದೇ ಪ್ರಶ್ನೆಯನ್ನು 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್ ಎಂಬ ಮೂವರು ಕಂಪ್ಯೂಟರ್ ಸಂಶೋಧಕರು ಕೇಳಿಕೊಂಡಿದ್ದರು. ಆಗಿನ ದೊಡ್ಡ ಡಿಸ್ಕ್ ಅಂದರೆ ಐಬಿಎಂ 3380. ಒಳಗಿನ ತಟ್ಟೆಗಳು 14 ಇಂಚಿನವು. ಹಿಡಿಯುತ್ತಿದ್ದುದು ಏಳೂವರೆ ಜಿಬಿ, ಎಳೆಯುತ್ತಿದ್ದ ಕರೆಂಟು 6,600 ವಾಟ್. ಅದರ ಎದುರಿಗೆ ಅವರು ಇಟ್ಟದ್ದು ಕಾನರ್ ಕಂಪನಿಯ ಮೂರೂವರೆ ಇಂಚಿನ ಡಿಸ್ಕ್. ಅದು 100 ಎಂಬಿ, 10 ವಾಟ್. ಅಂಥ 75 ಜೋಡಿಸಿದರೆ ದೊಡ್ಡದರಷ್ಟೇ ಜಾಗ ಸಿಗುತ್ತದೆ, 750 ವಾಟ್ ಸಾಕು. ಒಂದೊಂದಕ್ಕೂ ತನ್ನದೇ ಓದುವ ಕೈ ಇರುವುದರಿಂದ ಕೆಲಸವೂ ಹತ್ತು ಪಟ್ಟು ಜಾಸ್ತಿ ಆಗುತ್ತದೆ.

ತೊಡಕು ಒಂದೇ. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುತ್ತದೆ ಅಂತ ಇಟ್ಟುಕೊಂಡರೂ, ನೂರು ಡಿಸ್ಕ್ ಸೇರಿಸಿದಾಗ ಸರಾಸರಿ 300 ಗಂಟೆಗೊಂದು ಕೈಕೊಡುತ್ತದೆ. ಅಂದರೆ ಎರಡು ವಾರವೂ ಪೂರ್ತಿ ಸಿಗುವುದಿಲ್ಲ. ಈ ತೊಡಕು ಬಿಡಿಸೋಕೆ ಅವರು, ಒಂದು ಡಿಸ್ಕ್ ಹೋದರೂ ಮಾಹಿತಿ ಉಳಿಯುವ ಹಾಗೆ ಜೋಡಿಸುವ ದಾರಿ ಹುಡುಕಿ, ಅದಕ್ಕೆ ರೇಡ್ ಅಂತ ಹೆಸರಿಟ್ಟರು. ನಿಮ್ಮ ನ್ಯಾಸ್ ಪೆಟ್ಟಿಗೆಯ (ಹಲವು ಡಿಸ್ಕ್ ಹಾಕಿ ನೆಟ್ವರ್ಕಿಗೆ ಜೋಡಿಸುವ ಪೆಟ್ಟಿಗೆ) ಮೆನುವಿನಲ್ಲಿ ರೇಡ್ 1, ರೇಡ್ 5 ಅಂತ ಕಾಣುತ್ತದಲ್ಲ, ಅದೇ.

ಇಲ್ಲಿ ಒಂದು ಮಾತು ಗಮನಿಸಿ. ಅವತ್ತು ಚಿಕ್ಕ ಡಿಸ್ಕ್ ಗೆದ್ದದ್ದು ಬೆಲೆಯಿಂದ, ಕರೆಂಟಿನಿಂದ, ವೇಗದಿಂದ. ಸುರಕ್ಷತೆಯಲ್ಲಿ ಅದು ಸೋತಿತ್ತು, ರೇಡ್ ಹಚ್ಚಿ ಸರಿಮಾಡಬೇಕಾಯಿತು. ಇವತ್ತು ಬೆಲೆ, ಕರೆಂಟು ಎರಡೂ ದೊಡ್ಡ ಡಿಸ್ಕಿನ ಕಡೆಗೆ ಬಂದಿವೆ. 4 ಟಿಬಿಯ ಡಿಸ್ಕೂ 20 ಟಿಬಿಯ ಡಿಸ್ಕೂ ನೋಡೋಕೆ ಒಂದೇ ಗಾತ್ರ. ಎರಡೂ ಎಳೆಯುವುದು ಸುಮಾರು 5ರಿಂದ 8 ವಾಟ್. ಟಿಬಿಗೆ ಇಷ್ಟು ಅಂತ ಭಾಗಿಸಿದರೆ ಸಾಮಾನ್ಯವಾಗಿ ದೊಡ್ಡದೇ ಅಗ್ಗ. ಮಾರುಕಟ್ಟೆಗೆ ಈಗಷ್ಟೇ ಬಂದ ಅತಿ ದೊಡ್ಡದನ್ನು ಮಾತ್ರ ಬಿಟ್ಟುಬಿಡಿ, ಅದಕ್ಕೆ ಹೊಸತನದ ಬೆಲೆ ಸೇರಿರುತ್ತದೆ.

ಇನ್ನು ಡಿಸ್ಕ್ ಕೆಡುವ ವಿಷಯ. ಅಮೆರಿಕದ ಬ್ಯಾಕ್‌ಬ್ಲೇಜ್ ಎಂಬ ಬ್ಯಾಕಪ್ ಕಂಪನಿ 2013ರಿಂದ ತನ್ನ ಡಿಸ್ಕ್‌ಗಳ ಲೆಕ್ಕವನ್ನು ಮಾಡೆಲ್ ಹೆಸರಿನ ಸಮೇತ ಎಲ್ಲರಿಗೂ ಸಿಗುವ ಹಾಗೆ ಬರೆದಿಡುತ್ತಿದೆ. ಈಚಿನ ವರ್ಷಗಳಲ್ಲಿ ಅವರ ನೂರು ಡಿಸ್ಕ್‌ಗಳಲ್ಲಿ ವರ್ಷಕ್ಕೆ ಒಂದರಿಂದ ಎರಡು ಕೆಡುತ್ತಿವೆ. ದೊಡ್ಡ ಡಿಸ್ಕ್ ಅಂದ ಮಾತ್ರಕ್ಕೆ ಬೇಗ ಕೆಡುತ್ತದೆ ಅನ್ನೋದಕ್ಕೆ ಅಲ್ಲಿ ಆಧಾರ ಸಿಗುವುದಿಲ್ಲ. ವ್ಯತ್ಯಾಸ ಇರುವುದು ಮಾಡೆಲ್‌ನಿಂದ ಮಾಡೆಲ್‌ಗೆ. ಸೀಗೇಟ್‌ನ 3 ಟಿಬಿಯ ಒಂದು ಮಾಡೆಲ್ ಅವರಲ್ಲಿ ಗುಂಪುಗುಂಪಾಗಿ ಕೆಟ್ಟಿತು. ಅದೇ ಕಂಪನಿಯ 4 ಟಿಬಿ ಮಾಡೆಲ್ ಎಷ್ಟೋ ಮೇಲಾಗಿತ್ತು.

ಡಬ್ಬಿ ಮೇಲೆ ಬರೆದ ಆಯಸ್ಸನ್ನು ನಂಬಬೇಡಿ. ಹತ್ತು ಲಕ್ಷ ಗಂಟೆ ಅಂತ ಬರೆದಿರುತ್ತಾರೆ. ಭಾಗಿಸಿದರೆ 114 ವರ್ಷ! 1988ರ ಆ ಮೂವರಲ್ಲಿ ಒಬ್ಬರಾದ ಗಾರ್ತ್ ಗಿಬ್ಸನ್ 2007ರಲ್ಲಿ ಬಿಯಾಂಕಾ ಶ್ರೋಡರ್ ಎಂಬ ಸಂಶೋಧಕಿಯ ಜೊತೆ ಸೇರಿ ಇದನ್ನೇ ತನಿಖೆ ಮಾಡಿದರು. ಕಂಪನಿಗಳ ಕಾಗದದ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ ಶೇಕಡ 0.88 ಕೆಡಬೇಕು. ನಿಜವಾಗಿ ಬದಲಾಯಿಸಬೇಕಾಗಿ ಬಂದದ್ದು ಸಾಮಾನ್ಯವಾಗಿ ಶೇಕಡ 2ರಿಂದ 4. ಅದೇ ವರ್ಷ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಇನ್ನೊಂದು ಸಂಗತಿ ಹೇಳಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ಮುಖ್ಯ ಅನ್ನಿಸಿಕೊಂಡ ಯಾವ ಮುನ್ಸೂಚನೆಯನ್ನೂ ಕೊಡದೆ ಕೆಟ್ಟಿದ್ದವು. ಟಕ್ ಟಕ್ ಸದ್ದು ಬಂದಾಗ ನೋಡೋಣ ಅಂತ ಕೂರುವವರು ಇದನ್ನು ನೆನಪಿಟ್ಟುಕೊಳ್ಳಿ.

ನಾವು ನಡುವೆ ಒಂದು ಸಂಖ್ಯೆ ಹಿಡಿಯೋಣ, ವರ್ಷಕ್ಕೆ ಶೇಕಡ ಒಂದೂವರೆ. ಹನ್ನೆರಡು ಚಿಕ್ಕ ಡಿಸ್ಕ್ ಇಟ್ಟುಕೊಂಡವರಿಗೆ ಐದು ವರ್ಷದಲ್ಲಿ ಒಂದಾದರೂ ಹೋಗುವ ಸಂಭವ ಸುಮಾರು ಶೇಕಡ 60. ಎರಡೇ ದೊಡ್ಡವು ಇಟ್ಟುಕೊಂಡವರಿಗೆ ಶೇಕಡ 14. ಆದರೆ ಮೊದಲನೆಯವರಿಗೆ ಹೋದರೆ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯವರಿಗೆ ಹೋದರೆ ಅರ್ಧ. ಚಿಕ್ಕವುಗಳಲ್ಲಿ ಒಂದಕ್ಕಿಂತ ಹೆಚ್ಚು ಹೋಗುವ ಸಂಭವವನ್ನೂ ಸೇರಿಸಿ ಲೆಕ್ಕ ಹಾಕಿ. ನಕಲು ಇಲ್ಲದೆ ಇಟ್ಟಾಗ ಸರಾಸರಿ ನಷ್ಟ ಇಬ್ಬರಿಗೂ ಒಂದೇ. ಚಿಕ್ಕವರಿಗೆ ಸಣ್ಣ ಪೆಟ್ಟು ಪದೇ ಪದೇ, ದೊಡ್ಡವರಿಗೆ ದೊಡ್ಡ ಪೆಟ್ಟು ಅಪರೂಪಕ್ಕೆ. ಡ್ರಾಯರ್ ತುಂಬ ಚಿಕ್ಕ ಡಿಸ್ಕ್ ಇಟ್ಟುಕೊಂಡು ಸೇಫ್ ಅಂದುಕೊಂಡಿದ್ದೀರಲ್ಲ, ಅದರಿಂದ ಒಂದು ಪೈಸೆಯ ಸುರಕ್ಷತೆಯೂ ಬಂದಿಲ್ಲ. ಸಣ್ಣ ಪೆಟ್ಟು ಅಂದೆ, ನಿಜ. ಆದರೆ ಆ ಹನ್ನೆರಡನೇ ಒಂದು ಪಾಲಿನಲ್ಲಿ ಯಾರ ಮಗಳ ಧಾರೆ ಇತ್ತೋ ಅವರ ಮುಂದೆ ಹೋಗಿ "ಸಣ್ಣ ನಷ್ಟ" ಅಂತ ಹೇಳೋಕಾಗುತ್ತಾ?

ಇದಕ್ಕಿಂತ ಕೆಟ್ಟ ಕೆಲಸ ಒಂದಿದೆ. ಚಿಕ್ಕ ಡಿಸ್ಕ್‌ಗಳನ್ನು ಸೇರಿಸಿ ಒಂದೇ ದೊಡ್ಡ ಡ್ರೈವ್ ಥರ ಕಾಣಿಸುವ ಹಾಗೆ ಮಾಡೋದು, ಅಂದರೆ ರೇಡ್ ಸೊನ್ನೆ. ಹೆಸರು ರೇಡ್ ಆದರೂ ಅಲ್ಲಿ ಒಂದು ಹೋದರೆ ಎಲ್ಲವೂ ಹೋಯಿತು. ಶೇಕಡ 60ರ ಸಂಭವಕ್ಕೆ ಪೂರ್ತಿ ನಷ್ಟ. ಎಡಿಟಿಂಗ್‌ಗೆ ವೇಗ ಬೇಕು ಅಂತ ಕೆಲವರು ಇದನ್ನು ಇನ್ನೂ ಮಾಡುತ್ತಾರೆ.

ಹಾಗಾದರೆ ನಾನು ಏನು ಮಾಡಿ ಅನ್ನುತ್ತೇನೆ? ನಿಮ್ಮ ಒಂದು ವರ್ಷದ ಕೆಲಸ ಪೂರ್ತಿ ಒಂದೇ ಡಿಸ್ಕಿನಲ್ಲಿ ಹಿಡಿಯಬೇಕು. ಅಷ್ಟು ದೊಡ್ಡದು ತಗೊಳ್ಳಿ. ಅಂಥವು ಮೂರು ತಗೊಳ್ಳಿ. 40 ಮದುವೆಯವರಿಗೆ 20 ಟಿಬಿ, 15 ಮದುವೆಯವರಿಗೆ 8 ಟಿಬಿ ಸಾಕು. ಎರಡು ಡಿಸ್ಕ್ ಸ್ಟುಡಿಯೋದ ಪೆಟ್ಟಿಗೆಯೊಳಗೆ, ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲೂ ಇರುವ ಹಾಗೆ, ಅಂದರೆ ರೇಡ್ 1 ಜೋಡಿಯಾಗಿ. ಮೂರನೆಯದು ಇನ್ನೊಂದು ಮನೆಯಲ್ಲಿ. ಅಕ್ಕನ ಮನೆಯೋ ಮಾವನ ಮನೆಯೋ, ಒಟ್ಟಿನಲ್ಲಿ ಬೇರೆ ಸೂರಿನ ಕೆಳಗೆ.

ಡಿಸ್ಕ್ ದೊಡ್ಡದಿರಲಿ ಅನ್ನೋದಕ್ಕೆ ನನ್ನ ನಿಜವಾದ ಕಾರಣ ಈ ಮೂರನೆಯದೇ. ಇಡೀ ವರ್ಷದ ಕೆಲಸ ಒಂದು ಡಿಸ್ಕಿನಲ್ಲಿ ಇದ್ದರೆ ನಕಲು ಅಂದರೂ ಒಂದೇ ಡಿಸ್ಕ್. ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ಅದೇ ಕೆಲಸ ಹನ್ನೆರಡು ಡಿಸ್ಕಿನಲ್ಲಿ ಹರಡಿದ್ದರೆ ನಕಲಿಗೂ ಹನ್ನೆರಡು ಬೇಕು. ಯಾವುದರ ನಕಲು ಯಾವುದು ಅಂತ ಚೀಟಿ ಬರೆಯಬೇಕು. ಸೀಸನ್ ಹೊತ್ತಿನಲ್ಲಿ ಯಾರಿಗೆ ಪುರುಸೊತ್ತು? ಮಾಡುವುದಿಲ್ಲ, ಅಷ್ಟೇ. ಸುಲಭವಾದ ನಕಲು ಆಗುತ್ತದೆ, ಕಷ್ಟದ ನಕಲು ಮುಂದಿನ ವಾರಕ್ಕೆ ಹೋಗುತ್ತದೆ.

"ರೇಡ್ 5 ಇದೆಯಲ್ಲ, ಆರು ಚಿಕ್ಕ ಡಿಸ್ಕ್ ಹಾಕಿದರೆ ಒಂದು ಹೋದರೂ ನಡೆಯುತ್ತದಲ್ಲ?" ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಡೆಯುತ್ತದೆ. ಅದರ ಒಳಗಿನ ಯುಕ್ತಿ ಸರಳ. ಮೂರು, ಐದು, ನಾಲ್ಕು ಅಂತ ಸಂಖ್ಯೆ ಇವೆ, ಪಕ್ಕದಲ್ಲಿ ಮೊತ್ತ ಹನ್ನೆರಡು ಅಂತಲೂ ಬರೆದಿಟ್ಟಿದ್ದೀರಿ. ಐದು ಕಳೆದುಹೋದರೆ ಉಳಿದವನ್ನು ಕಳೆದು ವಾಪಸ್ ಪಡೆಯಬಹುದು. ಡಿಸ್ಕಿನಲ್ಲಿ ಕೂಡುವ ರೀತಿ ಬೇರೆ, ಉಪಾಯ ಇದೇ. ಆರು 4 ಟಿಬಿ ಹಾಕಿದರೆ 20 ಟಿಬಿ ಕೈಗೆ ಸಿಗುತ್ತದೆ. ಎರಡು 20 ಟಿಬಿಯ ಜೋಡಿಯಲ್ಲೂ ಸಿಗುವುದು 20 ಟಿಬಿಯೇ.

ಎರಡನ್ನೂ ಹತ್ತಿರದಿಂದ ನೋಡೋಣ. ಒಂದು ಡಿಸ್ಕ್ ಸತ್ತು ಹೊಸದು ಹಾಕಿದಿರಿ. ರೇಡ್ 5ರಲ್ಲಿ 4 ಟಿಬಿಯನ್ನು ಮತ್ತೆ ಕಟ್ಟಬೇಕು. ಸೆಕೆಂಡಿಗೆ 150 ಎಂಬಿ ಅಂದರೆ ಏಳೂವರೆ ಗಂಟೆ. ಜೋಡಿಯಲ್ಲಿ 20 ಟಿಬಿ ಪೂರ್ತಿ ನಕಲಾಗಬೇಕು. ಸೆಕೆಂಡಿಗೆ 200 ಎಂಬಿ ಅಂದರೂ 28 ಗಂಟೆ. ಇಲ್ಲಿಗೇ ನಿಲ್ಲಿಸಿದರೆ ಚಿಕ್ಕವು ಗೆದ್ದ ಹಾಗೆ ಕಾಣುತ್ತದೆ. ಆದರೆ ಆ ಏಳೂವರೆ ಗಂಟೆ ಐದು ಡಿಸ್ಕ್‌ಗಳಲ್ಲಿ ಒಂದೂ ಕೆಡಬಾರದು. ಜೋಡಿಯಲ್ಲಿ ಆ 28 ಗಂಟೆ ಉಳಿದ ಒಂದು ಡಿಸ್ಕ್ ಕೆಡದಿದ್ದರೆ ಸಾಕು. ಐದೇಳೂವರೆ 37.5, ಒಂದಿಪ್ಪತ್ತೆಂಟು 28. ಅಪಾಯ ಹೆಚ್ಚು ಕಡಿಮೆ ಸಮ. ಓದಬೇಕಾದ ಮಾಹಿತಿಯೂ ಎರಡರಲ್ಲೂ 20 ಟಿಬಿಯೇ. ಅಂದರೆ ನಡುವೆ ಓದಲಾಗದ ಜಾಗ ಸಿಕ್ಕುವ ಭಯವೂ ಇಬ್ಬರಿಗೂ ಒಂದೇ. ಆದರೆ ಇಂಥ ಸಂಕಟಕ್ಕೆ ಬೀಳುವ ಸಂದರ್ಭವೇ ಆರು ಡಿಸ್ಕಿನವರಿಗೆ ಮೂರು ಪಟ್ಟು ಜಾಸ್ತಿ.

ಇನ್ನೂ ಒಂದಿದೆ. ಡಿಸ್ಕ್ ಅಲ್ಲ, ಪೆಟ್ಟಿಗೆಯೇ ಸತ್ತರೆ? ರೇಡ್ 5ರ ಒಂದು ಡಿಸ್ಕನ್ನು ತೆಗೆದು ಕಂಪ್ಯೂಟರಿಗೆ ಚುಚ್ಚಿದರೆ ಒಂದು ಫೋಟೋ ಕೂಡ ತೆರೆಯುವುದಿಲ್ಲ. ಕಡೇಪಕ್ಷ ಐದಾದರೂ ಬೇಕು, ಅದನ್ನು ಅರ್ಥ ಮಾಡಿಕೊಳ್ಳುವ ಪೆಟ್ಟಿಗೆಯೋ ಸಾಫ್ಟ್‌ವೇರೋ ಬೇಕು. ಜೋಡಿಯಲ್ಲಿ ಪ್ರತಿ ಡಿಸ್ಕಿನಲ್ಲೂ ಎಲ್ಲವೂ ಇರುತ್ತದೆ. ಅದನ್ನು ತೆರೆಯೋದು ಬಹುಪಾಲು ಸುಲಭ. ಸಂಜೆ ಏಳಕ್ಕೆ ಪೆಟ್ಟಿಗೆ ಕೈಕೊಟ್ಟು, ಬೆಳಿಗ್ಗೆ ಆಲ್ಬಂ ಫೈಲ್ ಕಳಿಸಬೇಕಾದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತು.

ಚಿಕ್ಕ ಡಿಸ್ಕ್ ಬೇಡ ಅನ್ನೋಕೆ ಇನ್ನೊಂದು ಕಾರಣ ಅಂಗಡಿಯಲ್ಲಿದೆ. ಇವತ್ತು ಮಾರುವ 2, 4, 6 ಟಿಬಿಯ ಎಷ್ಟೋ ಡೆಸ್ಕ್‌ಟಾಪ್ ಡಿಸ್ಕ್‌ಗಳು ಎಸ್‌ಎಂಆರ್ ಎಂಬ ಬಗೆಯವು. ಮಾಹಿತಿ ಬರೆಯುವ ಸಾಲುಗಳನ್ನು ಮಂಗಳೂರು ಹೆಂಚಿನ ಥರ ಒಂದರ ಮೇಲೊಂದು ಒತ್ತಿ ಹೊದಿಸಿರುತ್ತಾರೆ. ಹೊಸದಾಗಿ ಹೊದಿಸುವಾಗ ತೊಂದರೆ ಇಲ್ಲ. ನಡುವಿನದೊಂದನ್ನು ಬದಲಾಯಿಸಬೇಕಾದರೆ ಪಕ್ಕದವನ್ನೂ ಎಬ್ಬಿಸಿ ಮತ್ತೆ ಜೋಡಿಸಬೇಕು. ಆಗ ಬರೆಯುವ ವೇಗ ಪಾತಾಳಕ್ಕೆ ಇಳಿಯುತ್ತದೆ. ಒಮ್ಮೆ ತುಂಬಿಸಿ ಕಪಾಟಿನಲ್ಲಿ ಇಡೋಕೆ ಸರಿ, ರೇಡ್ ಪೆಟ್ಟಿಗೆಗೆ ಹಾಕೋಕೆ ಸರಿಯಲ್ಲ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ನ್ಯಾಸ್‌ಗೆಂದೇ ಮಾರುವ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಹೇಳದೆಯೇ ಇದನ್ನು ಬಳಸಿದ್ದು ಬಯಲಾಗಿ ದೊಡ್ಡ ಗಲಾಟೆ ಆಯಿತು. ಆಮೇಲೆ ಹಳೆಯ ಬಗೆಯದಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟರು. ಕೊಳ್ಳುವ ಮೊದಲು ಸಿಎಂಆರ್ (ಸಾಲುಗಳು ಒಂದರ ಮೇಲೊಂದು ಬರದ ಆ ಹಳೆಯ ಬಗೆ) ಹೌದಾ ಅಂತ ಮಾಡೆಲ್ ನಂಬರ್ ಹಾಕಿ ನೋಡಿಕೊಳ್ಳಿ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದೇ ಸಾರ್" ಅನ್ನುತ್ತಾರೆ.

ಚಿಕ್ಕವು ಜಾಸ್ತಿ ಇರುವುದು ಎಲ್ಲಿ ಸರಿ? ಒಂದೇ ಹೊತ್ತಿಗೆ ಬಹಳ ಜನ ಚೂರುಪಾರು ಓದುವ ಕಡೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8 ಮಿಲಿಸೆಕೆಂಡ್ ತಗೊಳ್ಳುತ್ತದೆ. ಓದುವ ಕೈ ಜಾಗ ಬದಲಿಸೋಕೆ ಇನ್ನಷ್ಟು. ಹಾಗಾಗಿ ಅಲ್ಲೊಂದು ಇಲ್ಲೊಂದು ಹೆಕ್ಕುವ ಕೆಲಸ ಸೆಕೆಂಡಿಗೆ ಎಂಬತ್ತು, ನೂರರ ಆಸುಪಾಸು. ಡಿಸ್ಕ್ 2 ಟಿಬಿ ಆಗಲಿ 20 ಆಗಲಿ, ಇದು ಬದಲಾಗುವುದಿಲ್ಲ. ಸೀಗೇಟ್ ಕಂಪನಿ ಒಂದೇ ಡಿಸ್ಕಿನಲ್ಲಿ ಎರಡು ಜೊತೆ ಕೈ ಇಟ್ಟು ಮಾರಿದ್ದು ಈ ಕಾರಣಕ್ಕೇ. ಜಿನೀವಾದ ಸರ್ನ್ ಎಂಬ ಭೌತಶಾಸ್ತ್ರ ಪ್ರಯೋಗಾಲಯದ ಸಂಗ್ರಹ 2023ರಲ್ಲಿ ಹತ್ತು ಲಕ್ಷ ಟಿಬಿ ಮುಟ್ಟಿತು. ಅದರ ಹಿಂದೆ 1,11,000 ಸಾಧನಗಳಿದ್ದವು, ಬಹುಪಾಲು ಹಾರ್ಡ್ ಡಿಸ್ಕ್‌ಗಳೇ. ನಮ್ಮ ಒಂದೂವರೆ ಶೇಕಡ ಹಾಕಿದರೆ ಅಲ್ಲಿ ದಿನಕ್ಕೆ ನಾಲ್ಕೈದು ಡಿಸ್ಕ್ ಹೋಗಬೇಕು. ಅದನ್ನು ಬದಲಾಯಿಸೋಕೆ ಅಲ್ಲಿ ಸಂಬಳದ ಜನ ಇದ್ದಾರೆ. ನಮ್ಮಲ್ಲಿ ಇರೋದು ನಾವೇ ಅಲ್ವಾ?

ಸ್ಟುಡಿಯೋಗೆ ಆ ವೇಗ ಬೇಕಾದರೆ ಹಾರ್ಡ್ ಡಿಸ್ಕ್ ಸಾಲು ಜೋಡಿಸಬೇಡಿ. ಈಗ ಎಡಿಟ್ ಆಗುತ್ತಿರುವ ಎರಡು ಮೂರು ಮದುವೆಗಳಿಗೆ, ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲಿ ಮಾಹಿತಿ ಇಡುವ 2 ಟಿಬಿಯ ಒಂದು ಎಸ್‌ಎಸ್‌ಡಿ ಸಾಕು. ಚಿಕ್ಕ ಡಿಸ್ಕ್‌ಗಳಿಗೆ ಉಳಿದಿದ್ದ ಒಂದೇ ಒಳ್ಳೆ ಗುಣವನ್ನು ಅದು ಕಿತ್ತುಕೊಂಡಿದೆ.

ಕರೆಂಟಿನ ಮಾತು ಬೇಗ ಮುಗಿಸುತ್ತೇನೆ. ಆರರ ಬದಲು ಎರಡು ಓಡಿಸಿದರೆ 24 ವಾಟ್ ಉಳಿತಾಯ, ವರ್ಷಕ್ಕೆ 210 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 1,500 ರೂಪಾಯಿ ದಾಟುವುದಿಲ್ಲ. ದುಡ್ಡಿಗಿಂತ ಮುಖ್ಯ, ಕರೆಂಟ್ ಹೋದಾಗ ಯುಪಿಎಸ್ ಜಾಸ್ತಿ ಹೊತ್ತು ತಡೆಯುತ್ತದೆ.

ಕೊಳ್ಳುವಾಗ ಎರಡು ಎಚ್ಚರಿಕೆ. ಜೋಡಿಯ ಎರಡೂ ಡಿಸ್ಕನ್ನು ಒಂದೇ ದಿನ ಒಂದೇ ಅಂಗಡಿಯಲ್ಲಿ ತರಬೇಡಿ. ಒಂದೇ ತಯಾರಿಯ ಮಾಲು, ಒಂದೇ ಲಾರಿಯಲ್ಲಿ ಕುಲುಕಿದ್ದು, ಒಟ್ಟಿಗೇ ಕೆಡುವ ಸಂಭವ ಇದೆ. ಎರಡನೆಯದು, ಹೊಸದು ಅಂತ ಕೊಟ್ಟದ್ದು ಹೊಸದೇ ಅಂತ ಖಾತ್ರಿ ಮಾಡಿಕೊಳ್ಳಿ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಸಾವಿರಾರು ಗಂಟೆ ಓಡಿದ ಡಿಸ್ಕ್‌ಗಳ ಲೆಕ್ಕವನ್ನು ಸೊನ್ನೆಗೆ ತಿರುಗಿಸಿ ಹೊಸದೆಂದು ಮಾರಿದ್ದು ಬೆಳಕಿಗೆ ಬಂತು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದರೂ ಆನ್‌ಲೈನಿನಲ್ಲಿ ತಂದರೂ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ. ವಾರಂಟಿ ಯಾವತ್ತಿನವರೆಗೆ, ಯಾವ ದೇಶಕ್ಕೆ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನು ಸಭೆಯ ಪ್ರಶ್ನೆಗಳು.

ಪೆಟ್ಟಿಗೆಯಲ್ಲೇ ಎರಡು ನಕಲು ಇರುವಾಗ ಮೂರನೆಯದು ಯಾಕೆ ಅಂತ ಒಬ್ಬರು ಕೇಳಿದರು. ಮಲೆನಾಡಿನವರು ಕೂಡಲೇ ನಕ್ಕರು. ಸಿಡಿಲು ಬಡಿದರೆ ಪೆಟ್ಟಿಗೆಯೊಳಗಿನ ಡಿಸ್ಕ್ ಒಂದೋ ಎರಡೋ ಅಂತ ನೋಡುವುದಿಲ್ಲ. ಕಳ್ಳನೂ ನೋಡುವುದಿಲ್ಲ. ಅದಕ್ಕಿಂತ ಮಾಮೂಲಿ ಅಪಾಯ ನಮ್ಮ ಬೆರಳಿನದು. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಜೋಡಿಯ ಎರಡೂ ಕಡೆ ಅದೇ ಕ್ಷಣ ಅಳಿಯುತ್ತದೆ.

"ಕ್ಲೌಡ್‌ಗೆ ಹಾಕಿದರೆ ಆಗಲ್ವಾ ಅಣ್ಣಾ?" ಅಂತ ಇನ್ನೊಬ್ಬ ಹುಡುಗ. ಮುಗಿದ ಫಿಲ್ಮ್, ಆಲ್ಬಂ ಫೈಲ್ ಹಾಕು, ಒಳ್ಳೆಯದೇ. 18 ಟಿಬಿ ರಾ ಹಾಕುತ್ತೇನೆ ಅಂದರೆ ಲೆಕ್ಕ ನೋಡು. ಸೆಕೆಂಡಿಗೆ 40 ಮೆಗಾಬಿಟ್ ಹಗಲು ರಾತ್ರಿ ನಿಲ್ಲದೆ ಹೋದರೂ ಸುಮಾರು 42 ದಿನ ಬೇಕು. ಅಷ್ಟರಲ್ಲಿ ಮುಂದಿನ ಮುಹೂರ್ತಗಳು ಬಂದಿರುತ್ತವೆ.

ಮುಗಿದ ಕೆಲಸವನ್ನು ಎಸ್‌ಎಸ್‌ಡಿಯಲ್ಲೇ ತುಂಬಿ ಕಪಾಟಿನಲ್ಲಿ ಇಡಬಹುದಾ ಅಂದರು. ಬೇಡ. ಅದರಲ್ಲಿ ಮಾಹಿತಿ ಉಳಿಯುವುದು ವಿದ್ಯುತ್ತಿನ ಸಣ್ಣ ಕಣಗಳಾಗಿ. ಬಳಸಿ ಸವೆದ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಸೆಕೆಯಲ್ಲಿ ಒಂದು ವರ್ಷ ಹಿಡಿದಿಟ್ಟರೆ ಸಾಕು ಅಂತಲೇ ಉದ್ಯಮದ ಮಾನದಂಡ ಹೇಳುತ್ತದೆ. ರಾಯಚೂರಿನ ಬೇಸಿಗೆಯ ಲೆಕ್ಕ ಅದರಲ್ಲಿ ಇಲ್ಲ. ಕಪಾಟಿಗೆ ಹಾರ್ಡ್ ಡಿಸ್ಕೇ ಸರಿ. ಅದನ್ನೂ ಕೆಲವು ತಿಂಗಳಿಗೊಮ್ಮೆ ಚಾಲು ಮಾಡಿ ನಾಲ್ಕಾರು ಫೈಲ್ ತೆರೆದು ನೋಡಿ.

ಡ್ರಾಯರಿನ ಹಳೆಯವನ್ನು ಏನು ಮಾಡೋದು? ಮೊದಲು ಎಲ್ಲವನ್ನೂ ದೊಡ್ಡದಕ್ಕೆ ಇಳಿಸಿ. ಸದ್ಯಕ್ಕೆ ಬಿಸಾಡಬೇಡಿ, ನಾಲ್ಕನೇ ನಕಲಾಗಿ ಬಿದ್ದಿರಲಿ. ಅವುಗಳ ಮೇಲೆ ಹೊಸ ಕೆಲಸ ಮಾತ್ರ ಹಾಕಬೇಡಿ. ಕೆಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ. ಕಿಂಡಿ ಮುರಿದರೆ ಬಿಚ್ಚಿ ಬೇರೆ ಕೇಬಲ್ ಹಾಕೋಕೂ ಆಗುವುದಿಲ್ಲ.

ಕೊನೆಗೆ, ಸ್ಟುಡಿಯೋ ಹೊಸದಾಗಿ ಶುರು ಮಾಡಿದ ಒಬ್ಬರು ಎದ್ದು ಕೇಳಿದರು: "ಸಾರ್, ಮೂರು ಇಪ್ಪತ್ತು ಟಿಬಿ ಅಂತೀರಿ. ನನ್ನ ಕೈಯಲ್ಲಿ ಈಗ ಒಂದಕ್ಕೆ ಮಾತ್ರ ದುಡ್ಡಿದೆ." ಹಾಗಾದರೆ 20ರದು ಒಂದು ತರಬೇಡಿ, ಅದೇ ದುಡ್ಡಿನಲ್ಲಿ 8ರವು ಎಷ್ಟು ಬರುತ್ತವೆ ನೋಡಿ. ಎರಡು ಬಂದರೆ ಎರಡು. ಪೆಟ್ಟಿಗೆ ಸದ್ಯಕ್ಕೆ ಬೇಡ. ಒಂದು ಕಂಪ್ಯೂಟರ್ ಒಳಗೆ, ಇನ್ನೊಂದಕ್ಕೆ ಯುಎಸ್‌ಬಿ ಡಾಕ್ (ಡಿಸ್ಕನ್ನು ಹೊರಗಿನಿಂದ ಚುಚ್ಚುವ ತೊಟ್ಟಿಲು) ಸಾಕು. ಪ್ರತಿ ಮದುವೆ ಆದಮೇಲೆ ನಕಲು ಮಾಡಿ ಅದನ್ನು ಮನೆಗೆ ಒಯ್ಯಿರಿ. ಎರಡೂ ಕಡೆ ಫೈಲ್ ಇದೆ ಅಂತ ತೆರೆದು ನೋಡುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ. ಜಾಗ ಕಮ್ಮಿ ಬಿದ್ದರೆ ಡಿಸ್ಕ್ ಕೊಳ್ಳುವ ಮೊದಲು ರಾ ಫುಟೇಜ್ ಎಷ್ಟು ತಿಂಗಳು ಇಡುತ್ತೀರಿ ಅಂತ ತೀರ್ಮಾನಿಸಿ. ಅಡ್ವಾನ್ಸ್ ತಗೊಳ್ಳುವಾಗ ಕೊಡುವ ರಸೀದಿಯಲ್ಲೇ ಅದನ್ನು ಒಂದು ಸಾಲು ಬರೆದುಬಿಡಿ: ಆಲ್ಬಂ ಕೊಟ್ಟ ಆರು ತಿಂಗಳ ನಂತರ ರಾ ಫೈಲ್ ಇಡುವುದಿಲ್ಲ, ಬೇಕಾದವರು ಡಿಸ್ಕ್ ತಂದು ನಕಲು ಮಾಡಿಸಿಕೊಳ್ಳಬಹುದು.